ಒರೆಸುವ ಬಟ್ಟೆ ಕೈಗೆ ಬಂದ ದಿನ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದ ಮೊದಲ ಭಾನುವಾರವೇ ಇಲ್ಲಿನ ಮೆಥಡಿಸ್ಟ್ ಚರ್ಚಿಗೆ ಹೋಗಿದ್ದೆ. ನಾವು ತುಮಕೂರಿನವರು. 19ನೇ ಶತಮಾನದಲ್ಲಿ ನಮ್ಮ ಕಡೆಗೆ ಬಂದ ವೆಸ್ಲಿಯನ್, ಅಂದರೆ ಮೆಥಡಿಸ್ಟ್, ಮಿಷನರಿಗಳು ಕಟ್ಟಿದ ಚರ್ಚ್ ಸಭೆ ನಮ್ಮದು. 1947ರಲ್ಲಿ ಹಲವು ಸಭೆಗಳು ಒಂದಾಗಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಅದರೊಳಗೆ ಸೇರಿತು. ಹಾಗಾಗಿ ಇಂಗ್ಲೆಂಡಿನ ಮೆಥಡಿಸ್ಟರು ಅಂದರೆ ನನಗೆ ಅಜ್ಜನ ಕಡೆಯ ನೆಂಟರಿದ್ದ ಹಾಗೆ.

ಆರಾಧನೆ ಮುಗಿದ ಮೇಲೆ ಎಲ್ಲರೂ ಹಿಂದಿನ ಹಾಲ್‌ನಲ್ಲಿ ಟೀಗೆ ಸೇರಿದರು. ಒಳಗೆ ಅಡುಗೆಮನೆಯಲ್ಲಿ ಎಪ್ಪತ್ತು ದಾಟಿದ ಗಂಡಸೊಬ್ಬರು ಏಪ್ರನ್ ಕಟ್ಟಿಕೊಂಡು ಟೀ ಕಪ್ಪು ತೊಳೆಯುತ್ತಿದ್ದರು. ಬಸ್ ಓಡಿಸಿ ರಿಟೈರ್ ಆದವರು. ನಾನು ಬಾಗಿಲಲ್ಲಿ ಸುಮ್ನೆ ನಿಂತಿದ್ದೆ. ಅವರು ಹೆಗಲ ಮೇಲಿನ ಬಟ್ಟೆ ತೆಗೆದು ನನ್ನ ಕೈಗಿಟ್ಟು, "ನಾನು ತೊಳೀತೀನಿ, ನೀವು ಒರೆಸಿ" ಅಂದರು. ಕಪ್ಪು ಮುಗಿಯುವಷ್ಟರಲ್ಲಿ ಹಿಂದಿನ ವರ್ಷ ತೀರಿಕೊಂಡ ಹೆಂಡತಿಯ ವಿಷಯವೆಲ್ಲ ಹೇಳಿದ್ದರು. ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿರುವ ನಾನು ಅಲ್ಲಿನ ಒಂದು ಲೋಟವನ್ನೂ ತೊಳೆದಿರಲಿಲ್ಲ. ಅದು ಮನಸ್ಸಿಗೆ ಬಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಈ ಚರ್ಚಿನ ಗೋಡೆಯ ಮೇಲೆ ಪಾಳಿಯ ಪಟ್ಟಿ ಅಂಟಿಸಿರುತ್ತಾರೆ. ಟೀ, ಹೂವು, ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುವುದು, ವಯಸ್ಸಾದವರನ್ನು ಕಾರಲ್ಲಿ ಕರೆತರುವುದು. ಎಲ್ಲದರಲ್ಲೂ ಗಂಡಸರ ಹೆಸರಿದೆ. ಮಕ್ಕಳ ಪಾಠಕ್ಕೂ ಗಂಡಸರು ನಿಲ್ಲುತ್ತಾರೆ. ಅದಕ್ಕೆ ಮೊದಲು ಅವರ ಮೇಲೆ ಏನಾದರೂ ಪೊಲೀಸ್ ಕೇಸು ಇದೆಯಾ ಅಂತ ನೋಡುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮೂರಿನ ಸಭೆಯಲ್ಲಿ ಗಂಡಸರಿಗೇನು ಕೊರತೆ? ಸುಗ್ಗಿ ಹಬ್ಬ ಬಂದರೆ ಶಾಮಿಯಾನ ಹಾಕಿಸುವವರು, ಜನ ಚರ್ಚಿಗೆ ಕಾಣಿಕೆ ತಂದ ಬೆಳೆ, ತರಕಾರಿಯನ್ನು ಮೈಕ್ ಹಿಡಿದು ಹರಾಜು ಕೂಗುವವರು ಎಲ್ಲ ಅವರೇ. ಒಂದು ಕುಂಬಳಕಾಯಿಗೆ ಬೆಲೆ ಏರಿಸಿ ಏರಿಸಿ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತಾರೆ. ದೇವರಿಗೆ ಅಂತ ಮನಸಾರೆ ಕೊಡುವ ದುಡ್ಡು ಅದು. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಚುನಾವಣೆ ಬಂದರೆ ಮನೆಮನೆಗೂ ಬರುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಕೂತು ಪ್ರಾರ್ಥನೆ ಮಾಡುವವರು ಯಾರು? ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು ಕಲಿಸುವವರು? ಹಬ್ಬದ ಊಟದ ಪಾತ್ರೆ ತಿಕ್ಕುವವರು? ನಮ್ಮ ಅಮ್ಮ, ಅತ್ತೆ, ಚಿಕ್ಕಮ್ಮಂದಿರು.

ಸಿ.ಎಸ್.ಐ. 2013ರಲ್ಲೇ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಮೊದಲ ಮಹಿಳೆ ಬಿಷಪ್ ಆಗಿದ್ದು 2015ರಲ್ಲಿ. ಹೆಣ್ಣುಮಗಳನ್ನು ಅಷ್ಟು ಎತ್ತರದ ಪೀಠದಲ್ಲಿ ಕೂರಿಸಲು ನಮಗೆ ಆಯಿತು. ಗಂಡುಮಗನನ್ನು ಪಾತ್ರೆಯ ಮುಂದೆ ನಿಲ್ಲಿಸಲು ಯಾಕೆ ಆಗುತ್ತಿಲ್ಲ? ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಯೇಸುವನ್ನೇ ಅಲ್ವಾ ನಾವು ಕರ್ತನು ಅನ್ನುವುದು?

ಇಲ್ಲಿಯದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಈ ಚರ್ಚಿನ ಬೆಂಚುಗಳು ಅರ್ಧ ಖಾಲಿ. ನನ್ನ ವಯಸ್ಸಿನ ಗಂಡಸು ಇನ್ನೊಬ್ಬ ಸಿಗುವುದು ಕಷ್ಟ. ಯಾರಾದರೂ ತೀರಿಕೊಂಡರೆ ಮಣ್ಣು ಮಾಡಲು ಎರಡು ಮೂರು ವಾರ ಆಗುವುದೂ ಸಾಮಾನ್ಯ. ಆ ಬಸ್ ಡ್ರೈವರ್ ಹೆಂಡತಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಸಂಬಳದ ಕೆಲಸಗಾರರು, ಅವರಿಗೆ ಆಕೆಯ ಗುರುತೂ ಇರಲಿಲ್ಲವಂತೆ. ನಮ್ಮಪ್ಪ ಹೋದಾಗ ನಾನು ತಲುಪಿದ್ದು ಮಾರನೇ ದಿನ. ಅಷ್ಟರಲ್ಲಿ ಸಭೆಯ ಗಂಡಸರು ಪೆಟ್ಟಿಗೆ ತಂದಿದ್ದರು, ಸಮಾಧಿ ತೆಗೆಸಿದ್ದರು, ರಾತ್ರಿಯೆಲ್ಲ ಅಮ್ಮನ ಮನೆಯ ಜಗಲಿಯಲ್ಲಿ ಕೂತು ಹಾಡಿದ್ದರು. ಆ ಋಣ ತೀರಿಸಲು ನನ್ನಿಂದಾಗದು.

ಅದಕ್ಕೇ ಕೇಳುತ್ತಿದ್ದೇನೆ. ಸಾವಿನ ರಾತ್ರಿ ಹೆಗಲು ಕೊಡುವವರು, ಆ ಮನುಷ್ಯ ಆಸ್ಪತ್ರೆಯಲ್ಲಿ ಬದುಕಿರುವಾಗಲೂ ಹೋಗಿ ಕೂರಬೇಕು. ಕಮಿಟಿಗೆ ನಿಲ್ಲುವವರ ಹೆಸರು ಮೊದಲು ಪಾಳಿಯ ಪಟ್ಟಿಯಲ್ಲಿ ಇರಬೇಕು.

ಕಳೆದ ಕ್ರಿಸ್‌ಮಸ್‌ಗೆ ಊರಿಗೆ ಹೋಗಿದ್ದೆ. ಊಟ ಆದ ಮೇಲೆ ಅಂಗಿಯ ತೋಳು ಮಡಚಿ ನಲ್ಲಿಯ ಹತ್ತಿರ ಹೋದೆ. "ನೀನ್ಯಾಕಪ್ಪ, ಹೋಗಿ ಕೂತ್ಕೋ" ಅಂತ ಅತ್ತೆ ಗದರಿದರು. ನಾನು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಹರಾಜು ಕೂಗುವ ನಮ್ಮ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕೂತರು. ದೊಡ್ಡ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಸೋಪು ಎಲ್ಲಿಟ್ಟಿದ್ದಾರೋ?" ಅಂತ ಕೇಳಿದರು.