ಹಾಲ್ ಆಫ್ ಫೇಮ್ ಬೇಡ ಅಂದಿದ್ದು ಜಂಬವೇ?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ, ಬರೆಯದೆ ಇರಲು ಆಗುತ್ತಿಲ್ಲ. ಸ್ನೇಹಿತರ ಮನೆಯಲ್ಲಿ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ನೋಡುತ್ತಾ ಕೂತಿದ್ದೆವು. ಮೆಲ್ಬರ್ನಿಗೆ ಬಂದ ಮೇಲೆ ನನಗೆ ಈ ಆಟದ ಹುಚ್ಚು ಹತ್ತಿದ ಕಥೆ ನಿಮಗೆಲ್ಲ ಗೊತ್ತು. ಮಾತಿನ ಮಧ್ಯೆ ಆ್ಯಡಮ್ ಗೂಡ್ಸ್ ಹೆಸರು ಬಂತು. ಸ್ಟ್ಯಾಂಡಿನವರ ವರ್ಣದ್ವೇಷದ ಕೂಗು ಕೇಳಿಸಿಕೊಂಡು ಆಡಿದ, ಆಮೇಲೆ ಈ ಆಟದ ಲೀಗ್ (ಎಎಫ್‌ಎಲ್) ಕೊಡಲು ಬಂದ ಹಾಲ್ ಆಫ್ ಫೇಮ್, ಅಂದರೆ ದಿಗ್ಗಜರ ಸಾಲಿನ ಗೌರವ, ಬೇಡ ಅಂದ ಆಟಗಾರ. ನಮ್ಮ ಕಡೆಯವರೇ ಒಬ್ಬರು, "ಲೀಗ್‌ನವರು ಕ್ಷಮೆ ಕೇಳಿದ್ರಲ್ಲ, ಆಮೇಲೂ ಹಾಲ್ ಆಫ್ ಫೇಮ್ ಬೇಡ ಅಂದ್ರೆ ಅದು ಜಂಬ ಅಲ್ವಾ?" ಅಂದರು. ನನಗೆ ಆಮೇಲೆ ಊಟ ಸೇರಲಿಲ್ಲ.

ಜಂಬವಂತೆ! ಯಾರ ಬಗ್ಗೆ ಹೇಳುತ್ತಿದ್ದೇವೆ ಅನ್ನೋದಾದರೂ ಗೊತ್ತಿರಬೇಕಲ್ವಾ? 1997ರ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಸಿಡ್ನಿ ಸ್ವಾನ್ಸ್ ತಂಡ ಅವರನ್ನು ತೆಗೆದುಕೊಂಡಾಗ 42 ಹುಡುಗರ ಹೆಸರು ಆಗಲೇ ಕೂಗಿ ಆಗಿತ್ತು. 1999ರಲ್ಲಿ ಮೊದಲ ಮ್ಯಾಚ್, ಅದೇ ವರ್ಷ ಅತ್ಯುತ್ತಮ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ. ಸೀಸನ್‌ನ ಅತ್ಯುತ್ತಮ ಆಟಗಾರನಿಗೆ ಅಂಪೈರ್‌ಗಳ ವೋಟಿನ ಮೇಲೆ ಕೊಡುವ ಬ್ರೌನ್‌ಲೋ ಪದಕ 2003ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ. 2005 ಮತ್ತು 2012ರಲ್ಲಿ ತಂಡ ಕಪ್ ಗೆದ್ದಾಗ ಅವರು ಮೈದಾನದಲ್ಲಿದ್ದರು, ಎರಡನೇ ಸಲವಂತೂ ಮೊಣಕಾಲಿನ ಲಿಗಮೆಂಟ್ ಏಟಿನಲ್ಲೇ ಫೈನಲ್ ಮುಗಿಸಿದರು. ಒಟ್ಟು 372 ಮ್ಯಾಚ್, 464 ಗೋಲು. ಮೈಮೇಲೆ ಬಿದ್ದು ಗುದ್ದಾಡುವ ಈ ಆಟದಲ್ಲಿ 17 ಸೀಸನ್ ಅಂದರೆ ಸುಮ್ನೆ ಅಲ್ಲ.

ಅವರು ಮೂಲನಿವಾಸಿ. ಅವರ ತಾಯಿಯನ್ನು ಚಿಕ್ಕ ವಯಸ್ಸಿನಲ್ಲೇ ಮನೆಯವರಿಂದ ಕಿತ್ತುಕೊಂಡು ಹೋಗಿದ್ದರು. ಮೂಲನಿವಾಸಿ ಮಕ್ಕಳನ್ನು ಹಾಗೆ ಎಳೆದೊಯ್ಯುವುದು ಆಗ ಈ ದೇಶದ ಸರ್ಕಾರಗಳೇ ಮಾಡುತ್ತಿದ್ದ ಕೆಲಸ.

2013ರ ಮೇ ತಿಂಗಳು, ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ). ಮೂಲನಿವಾಸಿ ಆಟಗಾರರನ್ನು ಗೌರವಿಸಲೆಂದೇ ಇಟ್ಟಿರುವ ವಾರ. ಬೌಂಡರಿ ಪಕ್ಕ ಕೂತಿದ್ದ 13 ವರ್ಷದ ಹುಡುಗಿ ಅವರನ್ನು ಕೋತಿ ಜಾತಿಗೆ ಸೇರಿಸಿ ಕೂಗಿದಳು. ಗೂಡ್ಸ್ ನಿಂತು ಕೂಗಿದವಳ ಕಡೆ ಕೈ ಮಾಡಿ ತೋರಿಸಿದರು. ಮರುದಿನ, ಅವಳನ್ನು ಬೈಯಬೇಡಿ, ಇದು ಅವಳೊಬ್ಬಳ ತಪ್ಪಲ್ಲ ಅಂತ ತಾವೇ ಕೇಳಿಕೊಂಡರು. ಅಷ್ಟು ನೋವಿನಲ್ಲೂ ಮೊದಲು ಆ ಮಗುವಿನ ಬಗ್ಗೆ ಯೋಚಿಸಿದ ಮನುಷ್ಯ ಅವರು!

2014ರಲ್ಲಿ ಅವರಿಗೆ 'ವರ್ಷದ ಆಸ್ಟ್ರೇಲಿಯನ್' ಗೌರವ ಬಂತು. ವರ್ಣದ್ವೇಷದ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಅಲ್ಲಿಂದಾಚೆ ಅವರ ಕೈಗೆ ಬಾಲ್ ಬಂದರೆ ಸಾಕು, ಸ್ಟ್ಯಾಂಡಿನಿಂದ ಬೂ ಅನ್ನುವ ಕೂಗು. 2015ರಲ್ಲಿ ಕಾರ್ಲ್‌ಟನ್ ವಿರುದ್ಧ ಗೋಲು ಹೊಡೆದು, ತಮ್ಮ ಜನರ ಯುದ್ಧ ಕುಣಿತದ ಎರಡು ಹೆಜ್ಜೆ ಹಾಕಿದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಪರ್ತ್‌ನ ಮ್ಯಾಚ್‌ನಲ್ಲಿ ಆ ಕೂಗು ಜೋರಾದ ನಂತರ ಒಂದು ವಾರ ಆಡಲೇ ಇಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಸೆಮಿಫೈನಲ್ ಸೋತ ರಾತ್ರಿ ಆಟ ಬಿಟ್ಟರು. ಗ್ರ್ಯಾಂಡ್ ಫೈನಲ್ ದಿನ ನಿವೃತ್ತರೆಲ್ಲ ಮೈದಾನ ಸುತ್ತಿ ಜನರಿಗೆ ಕೈ ಬೀಸುತ್ತಾರಲ್ಲ, ಅದಕ್ಕೂ ಬರಲಿಲ್ಲ.

"ಬಣ್ಣಕ್ಕಲ್ಲಪ್ಪಾ, ಫ್ರೀ ಕಿಕ್‌ಗೋಸ್ಕರ ಸುಮ್ನೆ ಬೀಳ್ತಿದ್ದ ಅಂತ ಕೂಗಿದ್ದು" ಅನ್ನುವವರು ಇವತ್ತಿಗೂ ಇದ್ದಾರೆ. ಇದನ್ನು ಕೇಳಿ ಕೇಳಿ ಸಾಕಾಗಿದೆ. ಫ್ರೀ ಕಿಕ್‌ಗೆ ಬೀಳುವವರು ಎಲ್ಲ ತಂಡದಲ್ಲೂ ಇದ್ದಾರೆ. ಅವರಲ್ಲಿ ಯಾರನ್ನು ಊರೂರಲ್ಲಿ, ವಾರ ವಾರ, ಆಟ ಬಿಡುವವರೆಗೆ ಹೀಗೆ ಅಟ್ಟಿಸಿಕೊಂಡು ಹೋದರು? ಹತ್ತಾರು ವರ್ಷ ಆಡಿದವರ ಮೇಲೆ ಅವರು ಬಣ್ಣದ ಮಾತೆತ್ತಿದ ಮೇಲೆಯೇ ಯಾಕೆ ಈ ಸಿಟ್ಟು ಬಂತು?

ಲೀಗ್ ಮತ್ತು 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ಅವರು ಆಟ ಬಿಟ್ಟು ನಾಲ್ಕು ವರ್ಷ ಆದ ಮೇಲೆ. ಆ ಕೂಗಿನ ಬಗ್ಗೆ ಎರಡು ಡಾಕ್ಯುಮೆಂಟರಿ ತಯಾರಾದ ವರ್ಷವೇ. ಅವರು ಆಡುತ್ತಿದ್ದಾಗ, ಕಿವಿಗೆ ಆ ಕೂಗು ಬೀಳುತ್ತಿದ್ದಾಗ, ಗಟ್ಟಿಯಾಗಿ ಇದು ವರ್ಣದ್ವೇಷ, ನಿಲ್ಲಿಸಿ ಅಂತ ಹೇಳಲು ಇದೇ ಲೀಗ್ ತಡವರಿಸಿತು. ಆಗ ಬೇಕಿದ್ದದ್ದು ಆಗ ಸಿಗಲಿಲ್ಲ. ಆಮೇಲೆ 2021ರಲ್ಲಿ ಬನ್ನಿ, ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳುತ್ತೇವೆ ಅಂದರೆ, ಬೇಡ ಅನ್ನುವ ಹಕ್ಕೂ ಅವರಿಗಿಲ್ಲವೇ?

ಬಿಳಿಯರು ಜಂಬ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ನಮ್ಮವರೇ ಹೇಳಿದ್ದು ಚುಚ್ಚಿತು. ಟ್ರೈನಲ್ಲಿ, ಪಾರ್ಕಿಂಗ್‌ನಲ್ಲಿ ಬಣ್ಣದ ಮಾತು ಕೇಳಿಸಿಕೊಂಡು, ಮನೆಗೆ ಬಂದು ಹೆಂಡತಿ ಮಕ್ಕಳಿಗೂ ಹೇಳದೆ ನುಂಗಿಕೊಂಡವರು ನಾವು. ನಾನೂ ನುಂಗಿದ್ದೇನೆ. ಗೂಡ್ಸ್ ನುಂಗಲಿಲ್ಲ, ಸಾವಿರಾರು ಜನರ ಮುಂದೆ ಕೈ ತೋರಿಸಿದರು. ಅವರ ಪರ ಎರಡು ಮಾತಾಡಲು ನಮಗೇನು ಕಷ್ಟ?

ಕ್ಷಮೆ ಕೇಳಿದವರು ಆಫೀಸಿನವರು, ಕೂಗಿದವರು ಸ್ಟ್ಯಾಂಡಿನಲ್ಲಿದ್ದವರು. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಫ್ರೀ ಕಿಕ್ ಕಥೆ ಮಾತ್ರ ಕಮೆಂಟಿನಲ್ಲಿ ಹಾಕಬೇಡಿ. ಗೂಡ್ಸ್ ಏನೂ ಮೂಲೆ ಸೇರಿಲ್ಲ. ಸ್ವಾನ್ಸ್‌ನಲ್ಲಿ ಜೊತೆಗೆ ಆಡಿದ ಮೈಕಲ್ ಓಲಾಕ್‌ಲಿನ್ ಜೊತೆ 2009ರಲ್ಲೇ ಶುರು ಮಾಡಿದ ಗೋ ಫೌಂಡೇಶನ್‌ನಿಂದ ಮೂಲನಿವಾಸಿ ಮಕ್ಕಳಿಗೆ ಓದಲು ಸ್ಕಾಲರ್‌ಶಿಪ್ ಸಿಗುತ್ತಿದೆ. ಅವರ ಹೆಸರು ಎತ್ತುವುದಾದರೆ ಇದನ್ನೂ ಸೇರಿಸಿ ಮಾತಾಡೋಣ.