ಥಾರ್ ಎಂದರೆ ಮರಳಿನ ದಿಬ್ಬ ಮಾತ್ರವಲ್ಲ

ಥಾರ್ ಮರುಭೂಮಿಯ ಜೈಸಲ್ಮೇರ್ ಸುತ್ತಲಿನ ಛಾಯಾಗ್ರಹಣ ಕುರಿತು ನಾನು ಓದಿದ ಲೇಖನವೊಂದು ಚೆನ್ನಾಗಿದೆಯಾದರೂ, ಅದು ಸಮ್ ಎಂಬಲ್ಲಿನ ಮರಳು ದಿಬ್ಬಗಳಲ್ಲಿಯೇ ನಿಂತುಬಿಟ್ಟದ್ದು ನನಗೆ ಕೊರತೆಯೆನಿಸಿತು. ಗದಗದಿಂದ ಹೋಗಿದ್ದ ನಾವು ಮೂವರು ಹೆದ್ದಾರಿ ಬಿಟ್ಟು ಖುರಿ ಗ್ರಾಮದ ಕಡೆಯ ಒಳದಾರಿ ಹಿಡಿದಾಗ ಕಂಡದ್ದು ಮರಳಿಗಿಂತ ಹೆಚ್ಚಾಗಿ ಕಲ್ಲುನೆಲ ಮತ್ತು ಕುರುಚಲು. ಅಲ್ಲಿಯವರು ಖೇಜ್ಡಿ ಎನ್ನುವ, ರಾಜಸ್ಥಾನದ ರಾಜ್ಯವೃಕ್ಷವೂ ಆಗಿರುವ ಮರ ನಮ್ಮ ದಸರೆಯ ಬನ್ನಿಯೇ ಎಂದು ತಿಳಿದ ಮೇಲೆ, ಆಡುಗಳ ಮೇವಿಗಾಗಿ ಟೊಂಗೆ ಸವರಿದ್ದ ಒಂಟಿ ಬನ್ನಿಯೊಂದರ ಎದುರು ಬಿಸಿಲು ಓರೆಯಾಗುವವರೆಗೂ ಕಾದು ಕುಳಿತೆವು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಅದೇ. ಜೈಸಲ್ಮೇರ್ ಬಳಿಯ ಅಕಲ್‌ನಲ್ಲಿ ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ, ಅವನ್ನೂ ನೋಡಬೇಕು.

ಹೊಳೆಯುವ ಮರಳನ್ನು ಕ್ಯಾಮೆರಾ ತಾನಾಗಿಯೇ ಮಂಕಾಗಿಸುವುದರಿಂದ ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು) ಸ್ವಲ್ಪ ಏರಿಸಿಕೊಳ್ಳುವುದು, ಗಾಳಿಯಲ್ಲಿ ಲೆನ್ಸ್ ಬದಲಿಸದಿರುವುದು ಒಳ್ಳೆಯದು. ಆದರೆ ಇದಕ್ಕಿಂತ ಮುಖ್ಯವಾಗಿ, ಚಿತ್ರದ ಆಸೆಗೆ ಗಾಡಿಯನ್ನು ದಾರಿ ತಪ್ಪಿಸಿ ಹುಲ್ಲುಗಾವಲಿಗೆ ಇಳಿಸಬಾರದೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಅಳಿವಿನಂಚಿನಲ್ಲಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಪಕ್ಷಿ ಅಲ್ಲಿ ಬರಿಯ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ.