ನೂರಹತ್ತು ಜನರ ಊರಿಗೆ ಶೇಕಡಾ ಲೆಕ್ಕ ಏಕೆ?

"ಆ ಮರಳುಗಾಡಿನಲ್ಲಿ ಯಾರು ತಾನೇ ಇರುತ್ತಾರೆ?" ಬರ್ಡ್ಸ್‌ವಿಲ್‌ಗೆ ಹೋಗಿಬಂದೆವು ಎಂದಾಗ ಗೆಳೆಯ ಕೇಳಿದ್ದು ಇಷ್ಟೇ. ಉತ್ತರಕ್ಕೆಂದು ಜನಗಣತಿಯ ಪಟ್ಟಿ ತೆರೆದು ಕುಳಿತೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಪಟ್ಟಿಯ ಮೇಲೆಯೇ ಸಿಟ್ಟು ಬಂತು.

ಬರ್ಡ್ಸ್‌ವಿಲ್ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈಋತ್ಯ ಮೂಲೆಯಲ್ಲಿ, ಸಿಂಪ್ಸನ್ ಮರುಭೂಮಿಯ ಅಂಚಿನಲ್ಲಿ. ಬ್ರಿಸ್ಬೇನ್‌ನಿಂದ ಸುಮಾರು 1,600 ಕಿಲೋಮೀಟರ್. 2016ರ ಗಣತಿಯಲ್ಲಿ 140 ಜನರಿದ್ದರು, 2021ರಲ್ಲಿ 110. ಪತ್ರಿಕೆಯ ಭಾಷೆಯಲ್ಲಿ ಹೇಳುವುದಾದರೆ, ಐದೇ ವರ್ಷಗಳಲ್ಲಿ ಜನಸಂಖ್ಯೆ ಶೇಕಡಾ 21ರಷ್ಟು ಕುಸಿತ! ಓದಿದವರಿಗೆ ಭೂಕಂಪವೇ ಆಗಿಹೋಯಿತೇನೋ ಎನ್ನಿಸಬೇಕು. ವಾಸ್ತವದಲ್ಲಿ ಏಳೆಂಟು ಮನೆಗಳು ಖಾಲಿಯಾದರೆ ಅಷ್ಟಾಗುತ್ತದೆ. ಒಬ್ಬ ಪೊಲೀಸನಿಗೆ ವರ್ಗವಾಗಿ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಹೊರಟರೆ ಶೇಕಡಾ ಮೂರೂವರೆ ಮಾಯ. ಅವನ ಜಾಗಕ್ಕೆ ಬ್ರಹ್ಮಚಾರಿ ಬಂದನೋ, ಊರಿನ ವೈವಾಹಿಕ ಸ್ಥಿತಿಗತಿಯೇ ಬದಲು.

ಇನ್ನೊಂದು ತಮಾಷೆ ಇದೆ. ಇಂಥ ಸಣ್ಣ ಊರುಗಳಲ್ಲಿ ಯಾರ ಗುಟ್ಟೂ ಹೊರಬೀಳಬಾರದೆಂದು ಅಲ್ಲಿನ ಅಂಕಿಅಂಶ ಇಲಾಖೆ ಅಂಕಿಗಳನ್ನು ಬೇಕೆಂದೇ ಅಲ್ಪಸ್ವಲ್ಪ ಅತ್ತಿತ್ತ ಮಾಡಿ ಪ್ರಕಟಿಸುತ್ತದೆ. ಕೂಡಿದರೆ ಮೊತ್ತ ತಾಳೆಯಾಗದೇ ಇರಬಹುದು ಎಂದು ಅವರೇ ಹೇಳಿಕೊಳ್ಳುತ್ತಾರೆ. ಇದನ್ನು ನಾನು ಆಕ್ಷೇಪಿಸುವುದಿಲ್ಲ, ಸಭ್ಯತೆಯ ಕೆಲಸವೇ. ಆದರೆ ಹಾಗೆ ಅಲುಗಾಡಿಸಿದ ಅಂಕಿಗಳ ಮೇಲೆ "ಇಲ್ಲಿನವರ ಜೀವನಶೈಲಿ" ಎಂದು ವ್ಯಾಖ್ಯಾನ ಬರೆಯುವವರನ್ನು ಕಂಡರೆ ನಗು ಬರುತ್ತದೆ.

ಗಣತಿಯಲ್ಲಿ ಒಬ್ಬ ವ್ಯಕ್ತಿಯನ್ನು ಲೆಕ್ಕ ಹಿಡಿಯುವುದು ವರ್ಷದ ಆರು ತಿಂಗಳಿಗಿಂತ ಕಡಿಮೆಯಿಲ್ಲದೆ ಅವನು ವಾಸಿಸುವ ಊರಿಗೆ. ಬರ್ಡ್ಸ್‌ವಿಲ್‌ನ ಶಾಲೆ ಪ್ರಾಥಮಿಕ ಹಂತಕ್ಕೇ ಮುಗಿಯುತ್ತದೆ. ಮುಂದೆ ದೂರಶಿಕ್ಷಣ, ಇಲ್ಲವೇ ನೂರಾರು ಮೈಲಿ ಆಚೆಯ ವಸತಿ ಶಾಲೆ. ಹಾಗೆ ಹೋದ ಹುಡುಗ ಆ ವಸತಿ ಶಾಲೆಯಿರುವ ಊರಿನ ಲೆಕ್ಕಕ್ಕೆ ಸೇರುತ್ತಾನೆ. ರಜೆಗೆ ಬಂದಾಗ ಅವನು ಮಲಗುವುದು ತನ್ನದೇ ಹಾಸಿಗೆಯಲ್ಲಿ, ಪಟ್ಟಿಯಲ್ಲಿ ಮಾತ್ರ ಪರವೂರಿನವನು. ಚಳಿಗಾಲದ ಪ್ರವಾಸಿಗರಿಗೆ ಬಿಯರ್ ಸುರಿದುಕೊಟ್ಟು ನಾಲ್ಕು ತಿಂಗಳಿಗೇ ಮರಳುವ ಯುರೋಪಿನ ಹುಡುಗಿಯೂ ಆ 110ರಲ್ಲಿಲ್ಲ.

ನಾವು ಹೋದದ್ದು ಅಕ್ಟೋಬರ್ ಕೊನೆಗೆ, ಬರಬಾರದ ಕಾಲದಲ್ಲಿ. ಸೆಪ್ಟೆಂಬರ್‌ನ ಕುದುರೆ ಪಂದ್ಯಕ್ಕೆ ಸಾವಿರಾರು ಜನ ಬಂದು ಹೋಗಿ ಊರು ಬಿಕೋ ಎನ್ನುತ್ತಿತ್ತು. ಆ ಪಂದ್ಯ 1882ರಿಂದ ನಡೆದುಬಂದದ್ದು. ಬಿಸಿಲಿನ ಬಗ್ಗೆ ಏನು ಹೇಳಲಿ? ಕ್ವೀನ್ಸ್‌ಲ್ಯಾಂಡ್‌ನ ದಾಖಲೆಯ ತಾಪಮಾನ, 49.5 ಡಿಗ್ರಿ, 1972ರ ಡಿಸೆಂಬರ್‌ನಲ್ಲಿ ಇಲ್ಲಿಯೇ ದಾಖಲಾಯಿತು. ನೆಲದಡಿಯೂ ತಂಪಿಲ್ಲ. 1,280 ಮೀಟರ್ ಆಳದ ಕೊಳವೆ ಬಾವಿಯಿಂದ ಚಿಮ್ಮುವ ನೀರು 98 ಡಿಗ್ರಿ, ಚಹಾ ಪುಡಿ ಹಾಕುವುದೊಂದೇ ಬಾಕಿ. ಆ ಶಾಖದಿಂದ ವರ್ಷಗಟ್ಟಲೆ ವಿದ್ಯುತ್ತನ್ನೂ ತೆಗೆದರು, 2018ರಲ್ಲಿ ಆ ಸ್ಥಾವರ ಮುಚ್ಚಿತು.

1884ರ ಹಳೆಯ ಹೋಟೆಲಿನ ಎದುರಿಗೇ ವಿಮಾನದ ಹಾದಿ. ನಮ್ಮಲ್ಲಿ ಬಸ್ ನಿಲ್ದಾಣದೆದುರು ಕಾಫಿ ಅಂಗಡಿ ಇರುತ್ತದಲ್ಲ, ಹಾಗೆ. ಬೆಳಗ್ಗೆ ನಮ್ಮ ಕಾರಿಗೆ ಡೀಸೆಲ್ ತುಂಬಿದ ಮನುಷ್ಯನೇ ಮಧ್ಯಾಹ್ನ ಅಲ್ಲಿ ಸಣ್ಣ ವಿಮಾನದಿಂದ ಅಂಚೆಚೀಲ ಇಳಿಸುತ್ತಿದ್ದ. ಸಂಜೆ ಹೋಟೆಲಿನ ಮುಂದೆ ಕೆಟ್ಟಿದ್ದ ನಲ್ಲಿಯೊಂದರ ಕೆಳಗೆ ಅವನ ಕಾಲುಗಳಷ್ಟೇ ಕಂಡವು, ಬೂಟಿನಿಂದ ಗುರುತು ಹಿಡಿದೆವು. ಗಣತಿಯ ನಮೂನೆಯಲ್ಲಿ ಉದ್ಯೋಗದ ಕಾಲಮಿನಲ್ಲಿ ಅವನು ಏನು ಬರೆದಿರುತ್ತಾನೋ! ನಮೂನೆ ಕೇಳುವುದು ಒಂದೇ ಮುಖ್ಯ ಉದ್ಯೋಗ.

ಊರಿನ ಬೇಕರಿ ಹೆಸರು ಮಾಡಿದ್ದು ಒಂಟೆ ಮಾಂಸದ ಕರ್ರಿ ತುಂಬಿದ ಪೈಯಿಂದ. ನಾನು ಸಸ್ಯಾಹಾರಿ, ರುಚಿಯ ಬಗ್ಗೆ ಮಾತಿಲ್ಲ. ಆದರೆ ಈ ಒಂಟೆಗಳ ಪೂರ್ವಜರ ಕಥೆ ನಮ್ಮ ಕಡೆಯದೇ. 1866ರ ಹೊತ್ತಿಗೆ ನೂರಕ್ಕೂ ಹೆಚ್ಚು ಒಂಟೆಗಳು ಕರಾಚಿಯಿಂದ ಹಡಗೇರಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದಿಳಿದವು. ಜೊತೆಗೆ ಬಂದವರನ್ನು ಬಿಳಿಯರು ಒಟ್ಟಾರೆ "ಆಫ್ಘನ್ನರು" ಎಂದು ಕರೆದರು, ಅವರಲ್ಲಿ ಬಲೂಚಿಗಳೂ ಪಂಜಾಬಿಗಳೂ ಇದ್ದರು. ಲೆಕ್ಕ ಬರೆಯುವವನ ಕಾಲಮು ಅಂದೂ ಇಷ್ಟೇ ಅಗಲ. ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿರುವ ವಾಂಗ್ಕಂಗುರ್ರು ಮತ್ತು ಯಾರ್ಲುಯಾಂಡಿ ಮೂಲನಿವಾಸಿಗಳಂತೂ 1967ರ ಜನಮತಗಣನೆಯವರೆಗೆ ರಾಷ್ಟ್ರದ ಅಧಿಕೃತ ಜನಸಂಖ್ಯೆಯಲ್ಲೇ ಇರಲಿಲ್ಲ.

"ಅಷ್ಟು ಜನರಿಗೆ ದಾದಿ, ಪೊಲೀಸ್, ಶಾಲೆ, ಹಾರಿಬರುವ ವೈದ್ಯ, ದಂಡವಲ್ಲವೇ?" ಇದು ಗೆಳೆಯನ ಎರಡನೇ ಪ್ರಶ್ನೆ. ಅಲ್ಲ ಎನ್ನುತ್ತೇನೆ. ಬರ್ಡ್ಸ್‌ವಿಲ್ ಸೇರಿರುವ ಡಯಮಂಟಿನಾ ಆಡಳಿತ ಪ್ರದೇಶ ಸುಮಾರು 95 ಸಾವಿರ ಚದರ ಕಿಲೋಮೀಟರ್, ಕರ್ನಾಟಕದ ಅರ್ಧದಷ್ಟು. ಜನ ಮುನ್ನೂರೂ ಇಲ್ಲ. ಅಲ್ಲಿ ಟೈರು ಒಡೆದವನಿಗೆ, ಹಾವು ಕಚ್ಚಿದವನಿಗೆ, ಪ್ರವಾಹದಲ್ಲಿ ಸಿಕ್ಕಿಕೊಂಡವನಿಗೆ ಆ ಒಬ್ಬ ದಾದಿಯೇ ಗತಿ. ಅವಳ ಖರ್ಚನ್ನು 110ರಿಂದ ಭಾಗಿಸುವುದು ತಪ್ಪು ಲೆಕ್ಕ, ಏಕೆಂದರೆ ಆ ರಸ್ತೆಯಲ್ಲಿ ಹಾಯುವ ನಮ್ಮಂಥವರೂ ಅವಳ ಪಾಲಿಗೆ ಬರುತ್ತೇವೆ.

ನಾವು ನಾಲ್ವರು ಒಂದು ರಾತ್ರಿ ಅಲ್ಲಿ ಮಲಗಿದೆವು. ಬೇರೆ ಪ್ರವಾಸಿಗರು ನಮ್ಮ ಕಣ್ಣಿಗೆ ಬೀಳಲಿಲ್ಲ. ಆ ರಾತ್ರಿ ಬರ್ಡ್ಸ್‌ವಿಲ್‌ನಲ್ಲಿ ಕನ್ನಡಿಗರ ಪಾಲು ಶೇಕಡಾ ಮೂರೂವರೆ ಇತ್ತು. ಬೆಳಗ್ಗೆ ಆರಕ್ಕೇ ಹೊರಟೆವು, ಬಿಸಿಲೇರುವ ಮೊದಲು.